ಸೋಡಚೀಟಿಯಲ್ಲಿ ಮಕ್ಕಳನ್ನು ಹಂಚಬಹುದೇ?

(ಕಲಬುರಗಿಯಲ್ಲಿ ಕಾನೂನು ವಿದ್ಯಾರ್ಥಿಗಳು, ಶಾಲಾ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಯಾರ ಗುರುತೂ ಸಿಗದಂತೆ ಪ್ರಕರಣಗಳ ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ಶರಣ್ರಿ.

ನಮ್ಮ ಕಡೆ ಗಂಡ ಹೆಂಡತಿ ಬೇರೆಯಾಗುವಾಗ ಕೋರ್ಟಿಗಿಂತ ಮೊದಲು ಬರುವುದು ಬಾಂಡ್ ಪೇಪರ್. ಹಿರಿಯರು ಕೂತು ಪಂಚಾಯ್ತಿ ಮಾಡುತ್ತಾರೆ. ಹಾಕಿದ ಬಂಗಾರ ಎಷ್ಟು, ಮದುವೆ ಖರ್ಚು ಯಾರದು, ಪಾತ್ರೆ ಪಗಡ ಯಾರಿಗೆ ಅಂತ ಲೆಕ್ಕ ಆಗುತ್ತದೆ. ಆಮೇಲೆ ಸೋಡಚೀಟಿ, ಅಂದರೆ ಗಂಡ ಹೆಂಡತಿ ಬೇರೆಯಾದೆವು ಅನ್ನುವ ಕಾಗದ, ಬರೆಸುತ್ತಾರೆ. ಸಹಿ ಹಾಕುವ ಜಾಗಕ್ಕಿಂತ ಸ್ವಲ್ಪ ಮೇಲೆ ಎರಡು ಸಾಲು ಇರುತ್ತವೆ. ‘ಗಂಡು ಮಗು ತಂದೆಯ ಹತ್ತಿರ, ಹೆಣ್ಣು ಮಗು ತಾಯಿಯ ಹತ್ತಿರ ಇರತಕ್ಕದ್ದು. ಮುಂದೆ ಮಕ್ಕಳ ಖರ್ಚಿನ ಬಗ್ಗೆ ಯಾರೂ ಯಾರ ಮೇಲೂ ತಕರಾರು ಮಾಡತಕ್ಕದ್ದಲ್ಲ.’

ಆಳಂದದ ಕಡೆಯ ಕಾಗದ ನೋಡಿದ್ದೇನೆ, ಚಿಂಚೋಳಿ ತಾಂಡಾದ್ದು ನೋಡಿದ್ದೇನೆ, ಸುರಪುರದ್ದು, ಭಾಲ್ಕಿಯದು ನೋಡಿದ್ದೇನೆ. ಕೈಬರಹ ಬೇರೆ ಬೇರೆ, ಈ ಎರಡು ಸಾಲು ಮಾತ್ರ ಹೆಚ್ಚು ಕಡಿಮೆ ಹಾಗೇ ಇರುತ್ತವೆ. ಬಂಗಾರದ ಮೇಲೆ ಎರಡು ತಾಸು ಜಗಳ ಆಡಿದ ಜನ ಮಕ್ಕಳ ಮೇಲೆ ಎರಡು ನಿಮಿಷ ಕಳೆದಿರುವುದಿಲ್ಲ. ಇವತ್ತು ನಾನು ಮಾತಾಡುವುದು ಹೆಚ್ಚಾಗಿ ಈ ಎರಡು ಸಾಲಿನ ಬಗ್ಗೆಯೇ.

ಮೊದಲು ಖರ್ಚಿನ ಸಾಲು ನೋಡೋಣ. ಗಂಡ ಹೆಂಡತಿ ಸಂಬಂಧ ರೂಢಿಯ ಪ್ರಕಾರ ಮುರಿಯಬಹುದೇ? ಆ ಸಮುದಾಯದಲ್ಲಿ ಅಂಥ ರೂಢಿ ಇದೆ ಅಂತ ಸಾಬೀತಾದರೆ ಮುರಿಯಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಅದಕ್ಕೆ ಜಾಗ ಬಿಟ್ಟಿದೆ. ಆದರೆ ಮಗುವಿನ ಊಟ, ಬಟ್ಟೆ, ಓದಿನ ಖರ್ಚು ಕೇಳುವ ಹಕ್ಕು ಮಗುವಿನದು. ತಾಯಿ ತನ್ನ ಪಾಲಿನದೇನೋ ಬಿಟ್ಟೆ ಅನ್ನಬಹುದು, ಮಗುವಿನದನ್ನು ಬಿಡುವ ಅಧಿಕಾರ ಅವಳಿಗಿಲ್ಲ. ಹಳೆಯ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 125ನೇ ಕಲಮು ಈಗ, ಅಂದರೆ 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ತಂದೆ ತಾಯಿ ಮದುವೆ ಆಗಿದ್ದರೂ ಸರಿ, ಆಗದಿದ್ದರೂ ಸರಿ, ಮಗು ಜೀವನಾಂಶ ಕೇಳಬಹುದು. ಧರ್ಮ ಯಾವುದಾದರೂ ಕೇಳಬಹುದು. ಸೋಡಚೀಟಿ ತೋರಿಸಿ ‘ಎಲ್ಲಾ ಮುಗದದ ಸಾಹೇಬ್ರ’ ಅಂದರೆ ಮಗುವಿನ ಮಟ್ಟಿಗೆ ಏನೂ ಮುಗಿದಿರುವುದಿಲ್ಲ.

ನಾನು ವಕೀಲಿ ಶುರುಮಾಡುವ ಮೊದಲು ಮಕ್ಕಳ ಹಕ್ಕುಗಳ ಕೆಲಸದಲ್ಲಿದ್ದೆ. 1098 ನಂಬರಿಗೆ ಕರೆ ಬಂದರೆ ಓಡಿ ಹೋಗುವ ಕೆಲಸ. 1996ರಲ್ಲಿ ಮುಂಬೈಯಲ್ಲಿ ಸಣ್ಣದಾಗಿ ಶುರುವಾದ ಸಹಾಯವಾಣಿ ಅದು, ಆಮೇಲೆ ದೇಶಕ್ಕೆಲ್ಲ ಹಬ್ಬಿತು. ನಮಗೆ ಜಾಸ್ತಿ ಕೆಲಸ ಇದ್ದದ್ದು ರೈಲ್ವೆ ಸ್ಟೇಷನ್ನುಗಳಲ್ಲಿ. ವಾಡಿ ಜಂಕ್ಷನ್ನಿನಲ್ಲಿ ಇಳಿದರೆ ಮುಂಬೈಗೂ ಹೋಗಬಹುದು, ಸಿಕಂದರಾಬಾದಿಗೂ ಹೋಗಬಹುದು. ಮನೆ ಬಿಟ್ಟ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅವರನ್ನು ಕೂರಿಸಿ, ಚಹಾ ಕೊಡಿಸಿ ಕೇಳಿದರೆ ‘ಹೊಟ್ಟಿಗಿಲ್ಲ’ ಅಂದವರು ಇದ್ದರು, ಆದರೆ ‘ಮನ್ಯಾಗ ಬರೇ ಜಗಳ’ ಅಂದವರು ಅವರಿಗಿಂತ ಜಾಸ್ತಿ. ಅಪ್ಪನ ಮನೆಯಿಂದ ಅಮ್ಮನ ಮನೆಗೆ, ಅಲ್ಲಿಂದ ಅಜ್ಜಿ ಮನೆಗೆ ಅಂತ ತಿರುಗಿ ತಿರುಗಿ ಕೊನೆಗೆ ಪ್ಲಾಟ್‌ಫಾರ್ಮಿಗೆ ಬಂದವರು. ಈ ಹುಡುಗರ ಕೇಸು ಎಲ್ಲಿ ಕೆಟ್ಟಿತು ಅಂತ ಹಿಂದಕ್ಕೆ ಹುಡುಕುತ್ತಾ ಹೋದರೆ ಯಾವುದೋ ಪಂಚಾಯ್ತಿ, ಯಾವುದೋ ಕೋರ್ಟು ಸಿಗುತ್ತಿತ್ತು. ಕುಟುಂಬ ಕಾನೂನಿಗೆ ನಾನು ಬಂದದ್ದು ಆ ದಾರಿಯಿಂದ.

ಇನ್ನು ಮೊದಲ ಸಾಲು. ಗಂಡು ಮಗು ತಂದೆಗೆ, ಹೆಣ್ಣು ಮಗು ತಾಯಿಗೆ. ಇದು ಯಾವ ಕಾನೂನಿನಲ್ಲೂ ಇಲ್ಲ. ಇದಕ್ಕೆ ಜೋಡಿಯಾಗಿ ಇನ್ನೊಂದು ನಂಬಿಕೆ ಇದೆ. ಕಕ್ಷಿದಾರ ಬಂದು ಕೂತ ಕೂಡಲೇ ಹೇಳುತ್ತಾನೆ, ‘ಮೇಡಂರೀ, ಹುಡುಗಗ ಐದು ವರ್ಷ ತುಂಬ್ಯಾವ, ಇನ್ನ ಅಂವ ನಮ್ಮಾಂವ.’ ಹುಟ್ಟಿದ ಹಬ್ಬದ ಮರುದಿನವೇ ಅರ್ಜಿ ಹಾಕಲು ಬಂದವರನ್ನೂ ನೋಡಿದ್ದೇನೆ.

1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮು ಹೇಳುವುದು ಇಷ್ಟೇ: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಐದು ತುಂಬಿದ ಮೇಲೆ ತಂದೆಗೆ ಒಪ್ಪಿಸಿ ಅಂತ ಅದು ಎಲ್ಲೂ ಹೇಳಿಲ್ಲ. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಅನ್ನುತ್ತದೆ. ಸಹಜ ಪೋಷಕ ತಂದೆ, ಅವನ ನಂತರ ತಾಯಿ ಅಂತ ಕಾಯ್ದೆಯಲ್ಲಿ ಬರೆದದ್ದು ನಿಜ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಒಂದು ದಾರಿ ಮಾಡಿತು. ತಂದೆ ಸತ್ತ ಮೇಲೇ ತಾಯಿ ಪೋಷಕಿ ಆಗಬೇಕೆಂದಿಲ್ಲ. ತಂದೆ ಬದುಕಿದ್ದೂ ಮಗುವನ್ನು ನೋಡಿಕೊಳ್ಳುತ್ತಿಲ್ಲ ಅಂದರೆ ತಾಯಿಯೇ ಪೋಷಕಿ. ಮುಸ್ಲಿಂ ಕುಟುಂಬಗಳಲ್ಲೂ ಇಂಥದೇ ವಯಸ್ಸಿನ ಲೆಕ್ಕ ಕೇಳುತ್ತೇನೆ. ಹನಫಿ ಪದ್ಧತಿಯ ಹಿಜಾನತ್, ಅಂದರೆ ತಾಯಿ ಮಗುವನ್ನು ತನ್ನ ಹತ್ತಿರ ಇಟ್ಟು ಸಾಕುವ ಹಕ್ಕು, ಅದರ ಪ್ರಕಾರ ಹುಡುಗ ಏಳು ವರ್ಷದವರೆಗೆ, ಹುಡುಗಿ ಮೈನೆರೆಯುವವರೆಗೆ ತಾಯಿಯ ಹತ್ತಿರ. ಕೋರ್ಟ್ ಅದನ್ನು ಗಮನಿಸುತ್ತದೆ. ಆದರೆ ಅಲ್ಲೂ ಕೊನೆಗೆ ತೂಕ ಬೀಳುವುದು ಮಗುವಿನ ಹಿತಕ್ಕೇ.

ಅಣ್ಣ ತಂಗಿಯನ್ನು ಬೇರೆ ಮಾಡುವುದರ ಬಗ್ಗೆ ನನಗೆ ವಿಪರೀತ ಸಿಟ್ಟಿದೆ, ಮುಚ್ಚಿಡುವುದಿಲ್ಲ. ತಂದೆ ತಾಯಿ ಇಬ್ಬರೂ ಕಚ್ಚಾಡುವ ಮನೆಯಲ್ಲಿ ಆ ಎರಡು ಮಕ್ಕಳಿಗೆ ಉಳಿದಿರುವುದು ಒಬ್ಬರಿಗೊಬ್ಬರು ಮಾತ್ರ. ಆಸ್ತಿ ಪಾಲು ಮಾಡಿದ ಹಾಗೆ ಅವರನ್ನೂ ಪಾಲು ಮಾಡಿ ಕಳಿಸುತ್ತೇವೆ. 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳು ತಂದೆ ತಾಯಿಯ ಸ್ವತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಅಂತ ಹೇಳಿದೆ. ಐವತ್ತು ವರ್ಷ ದಾಟಿದರೂ ಆ ಮಾತು ನಮ್ಮ ಹಳ್ಳಿಯ ಕಟ್ಟೆಗೆ ಬಂದು ಮುಟ್ಟಿಲ್ಲ.

ಮಗುವನ್ನು ಯಾರ ಹತ್ತಿರ ಬಿಡಬೇಕು ಅನ್ನುವ ಕೇಸುಗಳನ್ನು ನಾವು ನಡೆಸುವುದು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಲ್ಲಿ. ಆಗ ನಮ್ಮ ಭಾಗ ನಿಜಾಮರ ಆಡಳಿತದಲ್ಲಿತ್ತು. ಈ ಕಾಯ್ದೆ ಬಂದದ್ದು ಬ್ರಿಟಿಷ್ ಇಂಡಿಯಾಕ್ಕೆ. ಆ ಕಾಲದಲ್ಲಿ ಪೋಷಕತ್ವ ಅಂದರೆ ಬಹಳ ಸಲ ಆಸ್ತಿಯ ಮಾತು. ಜಮೀನ್ದಾರ ತೀರಿಕೊಂಡ, ವಾರಸುದಾರ ಇನ್ನೂ ಚಿಕ್ಕವ, ಎಸ್ಟೇಟು ಯಾರು ನೋಡಬೇಕು? ವಿದ್ಯಾರ್ಥಿಗಳು ಇಲ್ಲಿ ಒಂದು ಹೆಸರು ಬರೆದುಕೊಳ್ಳಿ, ಕಾರ್ನೆಲಿಯಾ ಸೊರಾಬ್ಜಿ. 1866ರಲ್ಲಿ ನಾಸಿಕದಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿ 1892ರಲ್ಲಿ ಪರೀಕ್ಷೆ ಬರೆದರು. ಹೆಂಗಸು ಅನ್ನುವ ಕಾರಣಕ್ಕೆ ವಕೀಲಿ ಮಾಡಲು ಬಿಡಲಿಲ್ಲ. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ಗೆ, ಅಂದರೆ ಇಂಥ ವಾರಸುದಾರರ ಎಸ್ಟೇಟು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ, ಸಲಹೆಗಾರ್ತಿಯಾಗಿ ಸೇರಿ, ಪರದೆಯ ಒಳಗಿದ್ದ ವಿಧವೆಯರು ಮತ್ತು ಅಪ್ರಾಪ್ತ ವಾರಸುದಾರರ ಪರ ಕೆಲಸ ಮಾಡಿದರು. ಗಂಡಸು ವಕೀಲರು ಒಳಗೆ ಕಾಲಿಡುವ ಹಾಗಿರಲಿಲ್ಲ, ಇವರು ಹೋದರು. ಬ್ಯಾರಿಸ್ಟರ್ ಆಗಿ ಕೋರ್ಟಿನಲ್ಲಿ ನಿಲ್ಲಲು 1923ರ ತನಕ ಕಾಯಬೇಕಾಯ್ತು. ಕುಟುಂಬ ಕಾನೂನು, ಮಕ್ಕಳ ಪರ ಕೆಲಸ ಎರಡೂ ಒಬ್ಬರಲ್ಲೇ ಕೂಡಿದ್ದಕ್ಕೆ ನಮ್ಮ ದೇಶದಲ್ಲಿ ಇವರಿಗಿಂತ ಹಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಸ್ಟೇಟಿನ ವಾರಸುದಾರರ ಕಾಲದ ಆ ಕಾಯ್ದೆಯಲ್ಲೇ ನಾವು ಇವತ್ತು ಪುಣೆಯಲ್ಲಿ ಗಾರೆ ಕೆಲಸ ಮಾಡುವವನ ಮಗಳ ಕೇಸು ನಡೆಸುತ್ತೇವೆ. ಅದರ 9ನೇ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ವಾಸ ಮಾಡುವ ಊರಿನ ಕೋರ್ಟಿಗೆ ಅರ್ಜಿ ಹಾಕಬೇಕು. ಓದಲು ಸರಳವಾಗಿದೆ. ಆದರೆ ಗುಳೆ ಹೋಗುವ ಕುಟುಂಬದ ಮಗು ಸಾಮಾನ್ಯವಾಗಿ ವಾಸ ಮಾಡುವುದು ಎಲ್ಲಿ? ತೊಗರಿ ರಾಶಿ ಮುಗಿದ ಮೇಲೆ ಪುಣೆ ಇಲ್ಲವೇ ಹೈದರಾಬಾದ್. ಮಳೆ ಬಿದ್ದರೆ ಊರು. ಅಪ್ಪ ಅಮ್ಮನಿಗೆ ಅಲ್ಲಿ ಜಗಳ ಆಗುತ್ತದೆ. ಅಮ್ಮ ಮಗಳನ್ನು ಎತ್ತಿಕೊಂಡು ರಾತ್ರಿ ರೈಲಿಗೆ ತವರಿಗೆ ಬರುತ್ತಾಳೆ. ಗಂಡ ಅಲ್ಲಿಯೇ ಅರ್ಜಿ ಹಾಕುತ್ತಾನೆ. ಈಗ ಈ ಹೆಣ್ಣುಮಗಳು ಸೇಡಂನಿಂದ ಪುಣೆಗೆ ವಾಯಿದೆಗೆ ಓಡಾಡಬೇಕೇ?

ಇದು ಬರೀ ಕಾನೂನಿನ ಪ್ರಶ್ನೆ ಅಲ್ಲ, ನಡೆದ ಸಂಗತಿಯ ಪ್ರಶ್ನೆ ಅಂತ 2011ರಲ್ಲಿ ರುಚಿ ಮಾಜೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಗತಿ ಅಂದರೆ ದಾಖಲೆ ಬೇಕು. ಆ ದಾಖಲೆ ಇರುವುದು ವಕೀಲರ ಹತ್ತಿರ ಅಲ್ಲ, ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಅಂಗನವಾಡಿ ಅಕ್ಕಂದಿರ ಹತ್ತಿರ. ತಾಯಿ ಕಾರ್ಡ್, ಲಸಿಕೆ ಹಾಕಿದ ತಾರೀಖು, ಅಂಗನವಾಡಿ ಹಾಜರಿ, ಶಾಲೆಯ ದಾಖಲಾತಿ, ರೇಷನ್ ಕಾರ್ಡಿನಲ್ಲಿ ಹೆಸರು. ಮಗು ಎಲ್ಲಿ ಬೆಳೆದಿದೆ ಅನ್ನುವುದಕ್ಕೆ ಹತ್ತು ಪುಟದ ಅಫಿಡವಿಟ್‌ಗಿಂತ ನಿಮ್ಮ ರಿಜಿಸ್ಟರಿನ ಒಂದು ಪುಟಕ್ಕೆ ಬೆಲೆ ಜಾಸ್ತಿ. ದಯವಿಟ್ಟು ಹಾಜರಿಯನ್ನು ಸುಮ್ನೆ ತುಂಬಿ ಇಡಬೇಡಿ. ಊರಲ್ಲಿಲ್ಲದ ಮಗುವಿಗೆ ಹಾಜರಿ ಹಾಕಿದರೆ ಅದು ಒಂದು ದಿನ ಕೋರ್ಟಿಗೆ ಬರುತ್ತದೆ, ನೀವೂ ಬರಬೇಕಾಗುತ್ತದೆ.

ಈಗ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಇರದ ಒಂದು ಮಾತು. ಮಗುವಿನ ಕೇಸು ಗೆಲ್ಲುವುದು, ಸೋಲುವುದು ಬಹಳ ಸಲ ಕೊನೆಯ ತೀರ್ಪಿನಲ್ಲಿ ಅಲ್ಲ, ಮಧ್ಯಂತರ ಆದೇಶದಲ್ಲಿ. 1890ರ ಕಾಯ್ದೆಯ 12ನೇ ಕಲಮಿನಲ್ಲಿ ಮಗು ಸದ್ಯಕ್ಕೆ ಯಾರ ಹತ್ತಿರ ಇರಬೇಕು ಅಂತ ಆದೇಶ ಆಗುತ್ತದೆ. ಸದ್ಯಕ್ಕೆ ಅನ್ನುವುದು ಎರಡು ವರ್ಷ, ಮೂರು ವರ್ಷ ಎಳೆಯುತ್ತದೆ. ಅಷ್ಟರಲ್ಲಿ ಮಗು ಆ ಶಾಲೆಗೆ ಒಗ್ಗಿರುತ್ತದೆ, ಆ ಓಣಿಯಲ್ಲಿ ಗೆಳೆಯರಾಗಿರುತ್ತಾರೆ. ಕೊನೆಗೆ ನ್ಯಾಯಾಧೀಶರು ಮಗುವನ್ನು ಅಲ್ಲಿಂದ ಕೀಳಲು ಹಿಂಜರಿಯುತ್ತಾರೆ. ಹಿಂಜರಿಯುವುದು ಸರಿಯೇ. ಆದರೆ ಇದು ಗೊತ್ತಿರುವ ವಕೀಲರು ಬೇಕೆಂದೇ ವಾಯಿದೆ ಮೇಲೆ ವಾಯಿದೆ ತಗೊಳ್ಳುತ್ತಾರೆ. ಮಗು ಯಾರ ಕೈಯಲ್ಲಿದೆಯೋ ಅವರಿಗೆ ತಡ ಆದಷ್ಟೂ ಲಾಭ. ನಮ್ಮ ವೃತ್ತಿಯ ಬಗ್ಗೆ ನಾನು ಹೇಳಲೇಬೇಕಾದ ಕಹಿ ಮಾತು ಇದು. ಆಕಳು ಎಮ್ಮೆ ಕೇಸಿನಲ್ಲಿ ವಾಯಿದೆ ಕೇಳಿದರೆ ದನ ಬೆಳೆಯುವುದರಿಂದ ಯಾರಿಗೂ ತೊಂದರೆ ಇಲ್ಲ. ಇಲ್ಲಿ ಬೆಳೆಯುವುದು ಮಗು. ಮಗು ತಾಯಿಯ ಮುಖ ಮರೆಯಲು ಎಷ್ಟು ದಿನ ಬೇಕು ಅಂತ ನೀವೇ ಲೆಕ್ಕ ಹಾಕಿ.

ಅದಕ್ಕೇ ಮೊದಲ ವಾಯಿದೆಯಲ್ಲೇ ಭೇಟಿಯ ಆದೇಶ ಕೇಳಿ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಸಿಗಬೇಕು, ದೂರ ಇರುವವರು ಫೋನಿನಲ್ಲಿ, ವಿಡಿಯೋ ಕರೆಯಲ್ಲಾದರೂ ಮಾತಾಡಬೇಕು ಅಂತ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭೇಟಿ ಎಲ್ಲಿ ಅನ್ನುವುದನ್ನೂ ಬರೆಸಿ. ಕೋರ್ಟಿನ ವರಾಂಡಾದಲ್ಲಿ, ಪೊಲೀಸರು ಕೋಳ ಹಾಕಿದವರನ್ನು ಕರೆದುಕೊಂಡು ಓಡಾಡುವ ಜಾಗದಲ್ಲಿ, ಆರು ವರ್ಷದ ಮಗು ಅಪ್ಪನನ್ನು ನೋಡಬೇಕಾ? ಪಬ್ಲಿಕ್ ಗಾರ್ಡನ್ ಇದೆ, ನಮ್ಮೂರಿನ ‘ಅಪ್ಪನ ಕೆರೆ’ಯ ದಂಡೆ ಇದೆ, ಇಬ್ಬರಿಗೂ ಬೇಕಾದ ಯಾರದೋ ಮನೆ ಇರುತ್ತದೆ. ಕೇಳಿದರೆ ನ್ಯಾಯಾಧೀಶರು ಬಹಳ ಸಲ ಒಪ್ಪುತ್ತಾರೆ. ನಾವೇ ಕೇಳುವುದಿಲ್ಲ.

ಇನ್ನು ಮಗುವಿನ ಮಾತು. 1989ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂತು. ಭಾರತ 1992ರಲ್ಲಿ ಒಪ್ಪಿತು. ಅದರ 12ನೇ ವಿಧಿಯ ಪ್ರಕಾರ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಮಾತಾಡಬಹುದು, ವಯಸ್ಸಿಗೆ ತಕ್ಕಂತೆ ಆ ಮಾತಿಗೆ ಬೆಲೆ ಕೊಡಬೇಕು. ಅದಕ್ಕೂ ಹೆಚ್ಚು ಕಡಿಮೆ ನೂರು ವರ್ಷ ಮೊದಲಿನ ನಮ್ಮ 1890ರ ಕಾಯ್ದೆಯ 17ನೇ ಕಲಮು ಕೂಡ, ತಿಳಿದು ಆಯ್ಕೆ ಮಾಡುವ ವಯಸ್ಸಿನ ಮಗುವಿನ ಇಷ್ಟವನ್ನು ಕೋರ್ಟ್ ಗಮನಿಸಬಹುದು ಅನ್ನುತ್ತದೆ. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಮಗುವನ್ನು ಸರ್ಕಾರದ ರಕ್ಷಣೆಗೆ ತಗೊಳ್ಳುವ ಕೇಸುಗಳಲ್ಲಿ ಮಗುವೇ ಒಬ್ಬ ಪಕ್ಷಗಾರ. ಅದಕ್ಕೆ ಬೇರೆ ಪ್ರತಿನಿಧಿ, ಬೇರೆ ವಕೀಲರು. ನಮ್ಮಲ್ಲಿ ತಂದೆಗೆ ಒಬ್ಬ ವಕೀಲ, ತಾಯಿಗೆ ಒಬ್ಬ ವಕೀಲ. ಮಗುವಿನ ಪರ ನಿಲ್ಲುವವರು ಇಲ್ಲ, ಎಲ್ಲ ಭಾರ ನ್ಯಾಯಾಧೀಶರ ಮೇಲೆ.

ಒಳ್ಳೆಯ ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು, ತಂದೆ ತಾಯಿಯನ್ನು ಹೊರಗೆ ಕಳಿಸಿ ಮಾತಾಡಿಸುತ್ತಾರೆ. ಆದರೆ ಯಾವ ಭಾಷೆಯಲ್ಲಿ? ನಮ್ಮ ಜಿಲ್ಲೆಗಳಲ್ಲಿ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಇಲ್ಲವೇ ದಖನಿ, ಬೀದರಿನ ಗಡಿಯಲ್ಲಿ ಮರಾಠಿ, ಗುರುಮಠಕಲ್ ಕಡೆ ತೆಲುಗು. ನ್ಯಾಯಾಧೀಶರು ದಕ್ಷಿಣದ ಜಿಲ್ಲೆಯವರಿದ್ದರೆ ನಮ್ಮ ಕನ್ನಡವೇ ಅವರಿಗೆ ಅರ್ಧ ಹೊಸದು. ತಾಂಡಾದ ಒಂದು ಹುಡುಗಿ ಕೇಳಿದ ಪ್ರಶ್ನೆಗೆಲ್ಲ ತಲೆ ಆಡಿಸಿದಳು. ಅಪ್ಪ ಬೇಕಾ ಅಂದರೂ ಹೂಂ, ಅಮ್ಮ ಬೇಕಾ ಅಂದರೂ ಹೂಂ. ‘ಮಗುವಿಗೆ ತಿಳುವಳಿಕೆ ಸಾಲದು’ ಅಂತ ದಾಖಲಾಗುವುದರಲ್ಲಿತ್ತು. ಅವಳ ಭಾಷೆ ಬರುವ ಒಬ್ಬ ಶಿಕ್ಷಕಿಯನ್ನು ಕರೆಸಿ ಅಂತ ಕೇಳಿದೆವು, ಒಪ್ಪಿದರು. ಆಮೇಲೆ ಆ ಹುಡುಗಿ ಅರ್ಧ ತಾಸು ಮಾತಾಡಿದಳು. ಅವಳು ಹೇಳಿದ್ದು ಅಪ್ಪನ ಪರವೂ ಅಲ್ಲ, ಅಮ್ಮನ ಪರವೂ ಅಲ್ಲ. ತಮ್ಮನ ಶಾಲೆಗೇ ತನ್ನನ್ನೂ ಹಾಕಬೇಕಂತೆ.

ಹೇಳಿಕೊಟ್ಟ ಮಾತು ಬೇರೆ ಇರುತ್ತದೆ. ಎಂಟು ವರ್ಷದ ಹುಡುಗ ‘ನನ್ನ ತಾಯಿಯ ನಡತೆ ಸರಿ ಇಲ್ಲ’ ಅಂದರೆ ಅದು ಅವನ ಮಾತಲ್ಲ, ಅಲ್ವಾ? ನಾನು ಕಕ್ಷಿದಾರರಿಗೆ ಮೊದಲ ದಿನವೇ ಹೇಳುತ್ತೇನೆ, ಮಗುವಿಗೆ ಏನೂ ಹೇಳಿಕೊಡಬೇಡಿ. ನೈತಿಕತೆ ಒತ್ತಟ್ಟಿಗಿರಲಿ, ಅದರಿಂದ ಕೇಸೇ ಹಾಳಾಗುತ್ತದೆ. ಹತ್ತಾರು ಮಕ್ಕಳನ್ನು ಮಾತಾಡಿಸಿದ ನ್ಯಾಯಾಧೀಶರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ವಿಷಯವೂ ಹೀಗೇ ಸೂಕ್ಷ್ಮ. ಕಸ್ಟಡಿ ಜಗಳದಲ್ಲಿ ಅದನ್ನು ಆಯುಧ ಮಾಡಿಕೊಳ್ಳುವವರಿದ್ದಾರೆ. ಹಾಗಂತ ಜಗಳದ ನಡುವೆ ಬಂದ ದೂರೆಲ್ಲ ಸುಳ್ಳು ಅನ್ನುವುದು ಇನ್ನೂ ದೊಡ್ಡ ಅನ್ಯಾಯ. ಮಗು ಏನಾದರೂ ಹೇಳಿದರೆ ಆ ಕಾಯ್ದೆಯ 19ನೇ ಕಲಮಿನ ಪ್ರಕಾರ ತಿಳಿಸಲೇಬೇಕು, ತೂಗಿ ನೋಡುವುದು ನಮ್ಮ ಕೆಲಸ ಅಲ್ಲ.

ಕಕ್ಷಿದಾರರು ಬಂದಾಗ ನಾನು ಮದುವೆಯ ಕಥೆ ಆಮೇಲೆ ಕೇಳುತ್ತೇನೆ. ಮೊದಲು ಮಗುವಿನ ದಿನಚರಿ ಕೇಳುತ್ತೇನೆ. ಎಷ್ಟಕ್ಕೆ ಏಳುತ್ತದೆ? ಯಾವ ತರಗತಿ? ಟೀಚರ್ ಹೆಸರೇನು? ರಾತ್ರಿ ಯಾರ ಪಕ್ಕ ಮಲಗುತ್ತದೆ? ಜ್ವರ ಬಂದರೆ ಯಾವ ದವಾಖಾನೆ? ‘ನನ್ನ ಮಗ, ನಾ ಬಿಡಾಂಗಿಲ್ಲ’ ಅಂತ ಮೇಜು ಗುದ್ದಿದವರು ಟೀಚರ್ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ. ಎಲ್ಲ ಅಪ್ಪಂದಿರೂ ಹಾಗಲ್ಲ. ಮಗಳ ಜಡೆ ಹಾಕಿ ಶಾಲೆಗೆ ಕಳಿಸಿ ಕೆಲಸಕ್ಕೆ ಹೋಗುವ ಒಬ್ಬ ಆಟೋ ಚಾಲಕನ ಪರ ನಾನು ನಿಂತಿದ್ದೇನೆ, ಹೆಮ್ಮೆಯಿಂದ.

ಬಾಲ್ಯವಿವಾಹದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಗೊತ್ತಿರುವ ವಿಷಯ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂದ ಮೇಲೆ ನಡೆದ ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಹುಡುಗಿ ಕೋರ್ಟಿಗೆ ಹೋಗಿ ರದ್ದು ಮಾಡಿಸುವ ತನಕ ಅದು ಊರ್ಜಿತ ಅನ್ನುವ ಹಳೆಯ ಪರಿಸ್ಥಿತಿ ಇಲ್ಲ. ಆದರೆ ಆ ಹುಡುಗಿಯ ಕೈಯಲ್ಲಿ ಕೂಸಿದ್ದರೆ? ಮದುವೆ ಅಸಿಂಧು ಅಂತ ಕೂಸಿನ ಜೀವನಾಂಶ ತಪ್ಪುವುದಿಲ್ಲ. ಇಂಥ ಕೇಸಿನಲ್ಲಿ ನನ್ನ ಮುಂದೆ ಇರುವುದು ಒಂದು ಮಗು ಅಲ್ಲ, ಎರಡು. ಹದಿನಾರರ ತಾಯಿಯೂ ಕಾನೂನಿನ ಕಣ್ಣಿಗೆ ಮಗುವೇ. ಅವಳನ್ನು ಮೊದಲು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗಬೇಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: ತಂದೆ ಪುಣೆಯಲ್ಲಿ ಎಲ್ಲಿದ್ದಾನೋ ಗೊತ್ತಿಲ್ಲ, ಜೀವನಾಂಶದ ಆದೇಶ ಆದರೂ ಏನು ಉಪಯೋಗ? ಒಳ್ಳೆಯ ಪ್ರಶ್ನೆ. ಅರ್ಜಿಯನ್ನು ತಾಯಿ ಇರುವ ಊರಿನಲ್ಲೇ ಹಾಕಬಹುದು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಕೊಡದಿದ್ದರೆ ವಾರಂಟ್, ಜೈಲು ಎಲ್ಲ ಇದೆ. ಆದರೆ ಬಾಕಿ ಹಣಕ್ಕೆ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು. ಇದೊಂದು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಹಣ ಕಳೆದುಕೊಳ್ಳುತ್ತಾರೆ. ಅವನು ಊರ ಜಾತ್ರೆಗೆ ಬಂದೇ ಬರುತ್ತಾನೆ, ವಾರಂಟ್ ಆಗ ಕೈಯಲ್ಲಿರಲಿ.

ವಕೀಲರ ಫೀಸು ಕೊಡಲು ಆಗದವರು ಏನು ಮಾಡಬೇಕು ಅಂತ ಒಬ್ಬ ಅಂಗನವಾಡಿ ಅಕ್ಕ ಕೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಪ್ರಮಾಣಪತ್ರ ಕೇಳುವ ಹಾಗಿಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಚೇರಿ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಕೊನೆಗೆ ಒಬ್ಬ ಮುಖ್ಯ ಶಿಕ್ಷಕರು ಎದ್ದು ನಿಂತರು. ಸಂಜೆ ನಾಲ್ಕೂವರೆಗೆ ಗೇಟಿನ ಮುಂದೆ ಅಪ್ಪನೂ ಬಂದಿರುತ್ತಾನೆ, ಅಮ್ಮನೂ ಬಂದಿರುತ್ತಾಳೆ. ಮಗುವನ್ನು ಯಾರ ಕೈಗೆ ಕೊಡಬೇಕು? ಇಡೀ ಸಭೆಯಲ್ಲಿ ಬಂದ ಅತ್ಯಂತ ಕಷ್ಟದ ಪ್ರಶ್ನೆ ಇದು. ಕೋರ್ಟ್ ಆದೇಶ ಇದ್ದರೆ ಅದರ ನಕಲು ಕೇಳಿ ಪಡೆದು ಫೈಲಿನಲ್ಲಿಡಿ, ಅದರಂತೆ ನಡೆಯಿರಿ. ಆದೇಶ ಇಲ್ಲ ಅಂದರೆ ಯಾರ ಹಕ್ಕು ಹೆಚ್ಚು ಅಂತ ಗೇಟಿನಲ್ಲಿ ನಿಂತು ತೀರ್ಮಾನ ಮಾಡಲು ಹೋಗಬೇಡಿ. ಮಗು ದಿನಾ ಯಾವ ಮನೆಯಿಂದ ಬರುತ್ತದೋ ಆ ಮನೆಗೇ ಹೋಗಲಿ. ಇನ್ನೊಬ್ಬರಿಗೆ ಕೋರ್ಟಿನಿಂದ ಆದೇಶ ತರಲು ಹೇಳಿ. ಎಳೆದಾಟ ಶುರುವಾದರೆ ಮಗುವನ್ನು ಒಳಗೆ ಕೂರಿಸಿ ಗೇಟು ಹಾಕಿ, 1098ಕ್ಕೆ ಫೋನ್ ಮಾಡಿ. ಆ ದಿನ ಏನು ನಡೆಯಿತು ಅಂತ ತಾರೀಖು ಹಾಕಿ ನಾಲ್ಕು ಸಾಲು ಬರೆದಿಡಿ.

ಅವರೇ ಇನ್ನೊಂದು ಕೇಳಿದರು. ತವರಿಗೆ ಬಂದ ತಾಯಿ ಮಗುವನ್ನು ಶಾಲೆಗೆ ಸೇರಿಸಲು ಬರುತ್ತಾಳೆ, ಆದರೆ ಟಿಸಿ ಗಂಡನ ಊರಿನ ಶಾಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಸೇರಿಸಿಕೊಳ್ಳಿ ಸರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ಟಿಸಿ ತಡವಾಯ್ತು ಅಂತ ಸರ್ಕಾರಿ ಶಾಲೆಯಲ್ಲಿ ದಾಖಲಾತಿ ನಿಲ್ಲಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವ ಹಾಗಿಲ್ಲ. ಟಿಸಿಗೆ ಆ ಶಾಲೆಗೆ ನೀವೇ ಪತ್ರ ಬರೆಯಿರಿ. ಮಗು ಅವತ್ತಿನಿಂದಲೇ ಕ್ಲಾಸಿನಲ್ಲಿ ಕೂರಲಿ, ಮಧ್ಯಾಹ್ನ ಊಟಕ್ಕೆ ಅದರ ಹೆಸರೂ ಬರಲಿ.